ಮಳೆಗೆ ಮೊದಲೇ ಅಕ್ಕಿ ಕೊಡಿ

ಮಾನ್ಯ ಸಂಪಾದಕರೇ,

2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿಯಿತು, ಮರುವರ್ಷ ಕಾವೇರಿ ಉಕ್ಕಿ ಕರಡಿಗೋಡು, ಗುಹ್ಯದ ಮನೆಗಳು ಮುಳುಗಿದವು. ಆಗ ಪರಿಹಾರ ಕೇಂದ್ರದಲ್ಲಿ ಊಟವಾದರೂ ಸಿಕ್ಕಿತು. ಸುದ್ದಿಯಾಗದ ಹಸಿವು ತೋಟದ ಕಾರ್ಮಿಕರು ಇರುವ ಲೈನ್ ಮನೆಗಳಲ್ಲಿದೆ. ಮಳೆ ಜಾಸ್ತಿಯಾದರೆ ತೋಟದ ಕೆಲಸ ನಿಲ್ಲುತ್ತದೆ, ಕೂಲಿಯೂ ನಿಲ್ಲುತ್ತದೆ, ಆಮೇಲೆ ಅಂಗಡಿಯಲ್ಲಿ ಸಾಲ ಬರೆಸಿ ಗಂಜಿ, ಕೆಸದ ಸೊಪ್ಪಿನಲ್ಲೇ ದಿನ ದೂಡಬೇಕು. ರೇಷನ್‌ಗೆ ಹೋದರೆ ಕರೆಂಟ್ ಇರಲ್ಲ, ನೆಟ್‌ವರ್ಕ್ ಸಿಗಲ್ಲ, ನೆನೆದು ಸುಕ್ಕಾದ ಹೆಬ್ಬೆಟ್ಟನ್ನು ಯಂತ್ರ ಒಪ್ಪುವುದೂ ಇಲ್ಲ. ಕಾರ್ಡೇ ಇಲ್ಲದವರ ಪಾಡು ಕೇಳಲೇಬೇಡಿ. ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ, ಹೊರಗಿನ ಅಕ್ಕಿಯೇ ಗತಿ, ಅದು ಬರುವ ರಸ್ತೆಯೂ ಕುಸಿದರೆ? ಮಳೆಗಾಲದ ಮೂರು ತಿಂಗಳ ಅಕ್ಕಿ, ಬೇಳೆಯನ್ನು ಪ್ರತಿವರ್ಷ ಮೇ ತಿಂಗಳಲ್ಲೇ ಕೊಟ್ಟುಬಿಡಿ. ಹೆಬ್ಬೆಟ್ಟು ಬೀಳದಿದ್ದರೆ ಸಹಿ ಹಾಕಿಸಿಕೊಂಡು ಕೊಡಿ.

– ಒಬ್ಬ ಓದುಗ, ಸಿದ್ದಾಪುರ, ಕೊಡಗು