ಕ್ಲೋಸ್ ಮಾಡಿದರೂ ಬಿಡದ ಡೇಟಾಬೇಸ್ ಫೈಲು

ಮಾನ್ಯ ಸಂಪಾದಕರೇ,

ಅಂಗಡಿಯ ಬಿಲ್ಲು, ಶಾಲೆಯ ಶುಲ್ಕ, ಗೋದಾಮಿನ ದಾಸ್ತಾನು ನೋಡಿಕೊಳ್ಳುವ ಸಣ್ಣ ತಂತ್ರಾಂಶಗಳಲ್ಲಿ ಎಷ್ಟೋ ಇಡೀ ಲೆಕ್ಕವನ್ನು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿನ ಒಂದೇ ಫೈಲಿನಲ್ಲಿ ಇಟ್ಟಿರುತ್ತವೆ. ಇವುಗಳಲ್ಲಿ ಮೈಕ್ರೋಸಾಫ್ಟಿನ ಡಾಟ್‌ನೆಟ್ ವೇದಿಕೆಯಲ್ಲಿ ಬರೆದವನ್ನು ಹೊಸ ಆವೃತ್ತಿಗೆ ಏರಿಸಿದ ಮೇಲೆ ಒಂದು ತಕರಾರು ಪದೇಪದೇ ಕೇಳಿಬರುತ್ತದೆ. ನಿನ್ನೆಯವರೆಗೆ ಆಗುತ್ತಿದ್ದ ಬ್ಯಾಕಪ್ ಇವತ್ತು ಆಗುವುದಿಲ್ಲ. ಹಳೆಯ ಫೈಲನ್ನು ಅಳಿಸಲು ಹೋದರೆ ‘ಇದನ್ನು ಬೇರೊಂದು ಪ್ರೋಸೆಸ್ ಬಳಸುತ್ತಿದೆ’ ಎಂಬ ಎರರ್. ಇದಕ್ಕೆ ಬಾಯಿಂದ ಬಾಯಿಗೆ ಹರಡಿರುವ ಮದ್ದು ಎರಡು: ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಇಲ್ಲವೇ ಪಕ್ಕದಲ್ಲಿರುವ, ಹೆಸರಿನ ಕೊನೆಗೆ ‘-wal’ ಎಂದಿರುವ ‘ವಾಲ್’ ಫೈಲನ್ನು ಅಳಿಸಿಬಿಡಿ. ಮೊದಲನೆಯದರಿಂದ ಹೋಗುವುದು ಬರೀ ಸಮಯ. ಎರಡನೆಯದರಿಂದ ಲೆಕ್ಕವೇ ಹೋಗಬಹುದು. ಅದಕ್ಕಾಗಿ ಈ ಪತ್ರ.

ಮೊದಲು ಆ ಎರರ್ ಸಂದೇಶದ ಮಾತು. ಅದು ‘ಬೇರೊಂದು ಪ್ರೋಸೆಸ್’ ಎನ್ನುತ್ತದೆ. ಹೀಗಾಗಿ ಜನ ಆಂಟಿವೈರಸ್ ಮೇಲೆ ಗೂಬೆ ಕೂರಿಸುತ್ತಾರೆ. ಆದರೆ ಹೆಚ್ಚಿನ ಸಲ ಫೈಲನ್ನು ಹಿಡಿದಿರುವುದು ನಿಮ್ಮದೇ ತಂತ್ರಾಂಶ. ವಿಂಡೋಸ್‌ನಲ್ಲಿ ರಿಸೋರ್ಸ್ ಮಾನಿಟರ್ ತೆರೆದು, ಸಿಪಿಯು ಟ್ಯಾಬಿನ ‘ಅಸೋಸಿಯೇಟೆಡ್ ಹ್ಯಾಂಡಲ್ಸ್’ ಎಂಬಲ್ಲಿ ಡೇಟಾಬೇಸ್ ಫೈಲಿನ ಹೆಸರು ಹಾಕಿ ಹುಡುಕಿ. ಹಿಡಿದವರು ಯಾರೆಂಬುದು ಅಲ್ಲೇ ಕಾಣುತ್ತದೆ. ಲಿನಕ್ಸ್‌ನಲ್ಲಾದರೆ ಅದೇ ಕೆಲಸಕ್ಕೆ ‘ಎಲ್‌ಎಸ್‌ಓಎಫ್’ ಆಜ್ಞೆ ಇದೆ.

ಅಲ್ಲಿ ನಿಮ್ಮ ತಂತ್ರಾಂಶದ ಹೆಸರೇ ಬಂದರೆ ಕಾರಣ ಬಹುಮಟ್ಟಿಗೆ ಇದು: ಡಾಟ್‌ನೆಟ್ ತಂತ್ರಾಂಶವನ್ನು ಎಸ್‌ಕ್ಯೂಲೈಟಿಗೆ ಜೋಡಿಸುವ ಮೈಕ್ರೋಸಾಫ್ಟ್.ಡೇಟಾ.ಎಸ್‌ಕ್ಯೂಲೈಟ್ ಲೈಬ್ರರಿಯಲ್ಲಿ, 2021ರ ನವೆಂಬರಿನಲ್ಲಿ ಬಂದ 6.0 ಆವೃತ್ತಿಯಿಂದ ಕನೆಕ್ಷನ್ ಪೂಲಿಂಗ್, ಅಂದರೆ ತೆರೆದ ಕನೆಕ್ಷನ್ನುಗಳನ್ನು ಮರುಬಳಕೆಗೆ ಕಾದಿಟ್ಟುಕೊಳ್ಳುವ ಏರ್ಪಾಡು, ತಾನಾಗಿಯೇ ಚಾಲೂ ಇರುತ್ತದೆ. ಅದಕ್ಕೆ ಮೊದಲು ಕೋಡಿನಲ್ಲಿ ಕನೆಕ್ಷನ್ ಕ್ಲೋಸ್ ಮಾಡಿದರೆ ಫೈಲು ಆ ಕ್ಷಣವೇ ಕೈಬಿಡುತ್ತಿತ್ತು. ಈಗ ಕ್ಲೋಸ್ ಎಂದರೆ ಕನೆಕ್ಷನ್ ಪೂಲಿಗೆ ಮರಳುತ್ತದೆ ಅಷ್ಟೇ. ಒಳಗೆ ಫೈಲು ತೆರೆದೇ ಇರುತ್ತದೆ. ಒಂದು ದೋಸೆ ಎತ್ತಿದ ಮಾತ್ರಕ್ಕೆ ಹೋಟೆಲಿನವರು ಕಾವಲಿಯ ಕೆಳಗಿನ ಬೆಂಕಿ ಆರಿಸುತ್ತಾರೆಯೇ? ಮುಂದಿನ ಗಿರಾಕಿಗೆ ಕಾವಲಿ ಕಾದಿರಬೇಕು. ಕನೆಕ್ಷನ್ನುಗಳನ್ನು ಮತ್ತೆಮತ್ತೆ ತೆರೆದು ಮುಚ್ಚುವ ತಂತ್ರಾಂಶಗಳಿಗೆ, ಅದರಲ್ಲೂ ಡೇಟಾಬೇಸ್ ಎನ್‌ಕ್ರಿಪ್ಟ್ ಆಗಿದ್ದರೆ, ಇದರಿಂದ ವೇಗದಲ್ಲಿ ದೊಡ್ಡ ಲಾಭವಿದೆ. ಆದ್ದರಿಂದ ಇದನ್ನು ಬಗ್ ಎನ್ನಲಾಗದು. ಬಳಕೆಯಲ್ಲಿಲ್ಲದ ಕನೆಕ್ಷನ್ನುಗಳನ್ನು ಪೂಲ್ ಸ್ವಲ್ಪ ಹೊತ್ತಿನ ಮೇಲೆ ತಾನೇ ಮುಚ್ಚುತ್ತದೆ. ‘ಕಾಫಿ ಕುಡಿದು ಬರುವಷ್ಟರಲ್ಲಿ ಸರಿಹೋಗಿತ್ತು’ ಎಂದು ಕೆಲವರು ಹೇಳುವುದು ಅದಕ್ಕೇ.

ಈ ಬದಲಾವಣೆ 6.0ರ ಬದಲಾವಣೆಗಳ ಪಟ್ಟಿಯಲ್ಲಿ ಸ್ಪಷ್ಟವಾಗಿಯೇ ಇದೆ. ಆದರೂ ಕಣ್ತಪ್ಪುವುದಕ್ಕೆ ಕಾರಣವಿದೆ. ಈ ಲೈಬ್ರರಿಯ ಆವೃತ್ತಿ ಸಂಖ್ಯೆ ಡಾಟ್‌ನೆಟ್‌ನದ್ದರ ಜೊತೆಗೇ ಸಾಗುತ್ತದೆ. ಡಾಟ್‌ನೆಟ್ ಕೋರ್ 3.1ರ ಬೆಂಬಲ 2022ರ ಡಿಸೆಂಬರಿನಲ್ಲಿ, ಡಾಟ್‌ನೆಟ್ 6ರದ್ದು 2024ರ ನವೆಂಬರಿನಲ್ಲಿ ಮುಗಿಯಿತು. ಹಾಗಾಗಿ 3.1ರಲ್ಲಿ ಕೂತಿದ್ದವರು ನೇರ 8ಕ್ಕೆ ಜಿಗಿಯುತ್ತಾರೆ, 8ರ ಪಟ್ಟಿಯನ್ನಷ್ಟೇ ಓದುತ್ತಾರೆ. ಡೇಟಾಬೇಸ್ ಕೆಲಸ ಸುಲಭ ಮಾಡುವ ಎಂಟಿಟಿ ಫ್ರೇಮ್‌ವರ್ಕ್ ಕೋರ್ ಬಳಸುವವರಿಗಂತೂ ಈ ಲೈಬ್ರರಿ ಅದರ ಬೆನ್ನಿಗೇ ಬರುತ್ತದೆ. ಬದಲಾಗಿದೆ ಎಂಬುದೂ ಗೊತ್ತಾಗುವುದಿಲ್ಲ.

ಪರಿಹಾರ ಒಂದೇ ಸಾಲಿನದು. ಫೈಲನ್ನು ಅಳಿಸುವ, ಹೆಸರು ಬದಲಿಸುವ, ಜಾಗ ಬದಲಿಸುವ ಸಾಲಿನ ಮೊದಲು ಎಸ್‌ಕ್ಯೂಲೈಟ್‌ಕನೆಕ್ಷನ್ ಕ್ಲಾಸಿನ ‘ಕ್ಲಿಯರ್‌ಆಲ್‌ಪೂಲ್ಸ್’ ಮೆಥಡ್ ಕರೆಯಿರಿ. ಒಂದೇ ಡೇಟಾಬೇಸಿನ ಪೂಲ್ ಖಾಲಿ ಮಾಡಲು ‘ಕ್ಲಿಯರ್‌ಪೂಲ್’ ಇದೆ. ಆದರೆ ಇಲ್ಲೊಂದು ತೊಡಕು. ಪೂಲ್ ರಚನೆಯಾಗುವುದು ಕನೆಕ್ಷನ್ ಸ್ಟ್ರಿಂಗ್‌ಗೆ (ಯಾವ ಫೈಲನ್ನು ಹೇಗೆ ತೆರೆಯಬೇಕೆಂದು ಹೇಳುವ ಸಾಲಿಗೆ) ಒಂದರಂತೆ, ಫೈಲಿಗೆ ಒಂದರಂತೆ ಅಲ್ಲ. ವರದಿ ತೆಗೆಯುವ ಭಾಗ ಅದೇ ಫೈಲನ್ನು ‘ರೀಡ್‌ಓನ್ಲಿ’ ಎಂದು ಬೇರೆ ಸ್ಟ್ರಿಂಗಿನಲ್ಲಿ ತೆರೆದಿದ್ದರೆ ಅದರ ಪೂಲೇ ಬೇರೆ. ಒಂದನ್ನು ಖಾಲಿ ಮಾಡಿದರೆ ಇನ್ನೊಂದು ಹಿಡಿದೇ ಇರುತ್ತದೆ. ಇನ್ನೊಂದು ಸಂಗತಿ, ಕ್ಲಿಯರ್ ಮಾಡಿದಾಗ ತಕ್ಷಣ ಮುಚ್ಚುವುದು ಪೂಲಿನಲ್ಲಿ ಸುಮ್ಮನೆ ಕೂತಿರುವ ಕನೆಕ್ಷನ್ನುಗಳು ಮಾತ್ರ. ಯಾವುದೋ ಮೂಲೆಯ ಕೋಡು ಕನೆಕ್ಷನ್ ತೆರೆದು ಮುಚ್ಚದೆ ಬಿಟ್ಟಿದ್ದರೆ ಫೈಲು ಬಿಡುಗಡೆಯಾಗದು. ಪ್ರತಿ ಕನೆಕ್ಷನ್, ಕಮಾಂಡ್, ರೀಡರ್ ಕೆಲಸ ಮುಗಿದೊಡನೆ ತಾನೇ ಮುಚ್ಚುವ ‘ಯೂಸಿಂಗ್’ ಒಳಗೆ ಇದೆಯೇ ಎಂದು ನೋಡಬೇಕಾದದ್ದು ಆಗ.

ಕನೆಕ್ಷನ್ ಸ್ಟ್ರಿಂಗಿಗೆ ‘ಪೂಲಿಂಗ್=ಫಾಲ್ಸ್’ ಸೇರಿಸಿದರೆ ಹಳೆಯ ನಡವಳಿಕೆ ಮರಳುತ್ತದೆ. ಅದನ್ನು ಎಲ್ಲೆಡೆ ಹಾಕುವುದು ಮಾತ್ರ ಸೋಮಾರಿತನ. ಎರಡು ಕಡೆ ಅದು ನಿಜಕ್ಕೂ ಬೇಕು. ಒಂದು, ಪ್ರತಿ ಪರೀಕ್ಷೆಗೂ ಹೊಸ ಫೈಲು ಸೃಷ್ಟಿಸಿ ಅಳಿಸುವ ಟೆಸ್ಟ್ ಕೋಡು. ಇನ್ನೊಂದು, ಬ್ಯಾಕಪ್ ಬರೆಯುವ ಗುರಿ ಫೈಲು. ‘ಬ್ಯಾಕಪ್‌ಡೇಟಾಬೇಸ್’ ಮೆಥಡ್ ಬಳಸಿ ಪ್ರತಿ ತೆಗೆದವರು, ಆ ಪ್ರತಿಯನ್ನು ತೆರೆದ ಕನೆಕ್ಷನ್ ಕೂಡ ಪೂಲಿಗೇ ಹೋಗುತ್ತದೆ ಎಂಬುದನ್ನು ಮರೆಯುತ್ತಾರೆ. ಬ್ಯಾಕಪ್ ಸರಿಯಾಗಿಯೇ ಆಗಿರುತ್ತದೆ, ಜಿಪ್ ಮಾಡುವ ಮುಂದಿನ ಸಾಲು ಸೋಲುತ್ತದೆ.

ಈಗ ಆ ‘ವಾಲ್’ ಫೈಲಿನ ವಿಚಾರ. ವಾಲ್ (ರೈಟ್-ಅಹೆಡ್ ಲಾಗ್) ಮೋಡಿನಲ್ಲಿ ಹೊಸ ಬರಹ ಮೊದಲು ಈ ಪಕ್ಕದ ಫೈಲಿಗೆ ಬಿದ್ದು, ಆಮೇಲೆ ಮುಖ್ಯ ಫೈಲಿಗೆ ಸೇರುತ್ತದೆ. ಹೀಗೆ ಸೇರಿಸುವ ಚೆಕ್‌ಪಾಯಿಂಟ್ ತಾನಾಗಿ ನಡೆಯುವುದು ಸಾಮಾನ್ಯವಾಗಿ ವಾಲ್ 1,000 ಪುಟ ತಲುಪಿದಾಗ. ಪುಟಕ್ಕೆ 4,096 ಬೈಟಿನಂತೆ ಲೆಕ್ಕ ಹಾಕಿದರೆ ಸುಮಾರು 4 ಎಂ.ಬಿ. ಸಣ್ಣ ಅಂಗಡಿಗೆ ಅದು ಒಂದು ದಿನದ ವ್ಯಾಪಾರಕ್ಕಿಂತ ಹೆಚ್ಚಾದೀತು! ಮೊದಲೆಲ್ಲ ಕೊನೆಯ ಕನೆಕ್ಷನ್ ಮುಚ್ಚಿದಾಗ ಎಲ್ಲವೂ ಮುಖ್ಯ ಫೈಲಿಗೆ ಸೇರಿ ವಾಲ್ ಮಾಯವಾಗುತ್ತಿತ್ತು. ಈಗ ಪೂಲ್ ಕನೆಕ್ಷನ್ನನ್ನು ಜೀವಂತ ಇಟ್ಟಿರುವುದರಿಂದ ಅದು ಉಳಿದುಕೊಳ್ಳುತ್ತದೆ. ಕಸವೆಂದು ಅಳಿಸಿದರೆ, ಮುಖ್ಯ ಫೈಲಿಗೆ ಇನ್ನೂ ಸೇರದ ನಮೂದುಗಳೆಲ್ಲ ಹೋದವು. ಮುಖ್ಯ ಫೈಲನ್ನಷ್ಟೇ ಪೆನ್‌ಡ್ರೈವಿಗೆ ಕಾಪಿ ಮಾಡಿಕೊಳ್ಳುವವರಿಗೂ ಇದೇ ಗತಿ. ಕಾಪಿಯ ಬದಲು ಮೇಲೆ ಹೇಳಿದ ಬ್ಯಾಕಪ್ ಮೆಥಡ್ ಅಥವಾ ‘ವ್ಯಾಕ್ಯೂಮ್ ಇಂಟು’ ಆಜ್ಞೆ ಬಳಸಬೇಕು. ಈ ಆಜ್ಞೆ ಎಸ್‌ಕ್ಯೂಲೈಟ್ 3.27ರಿಂದ ಲಭ್ಯ.

‘ಡೇಟಾಬೇಸ್ ಈಸ್ ಲಾಕ್ಡ್’ ಎಂಬ ಎಸ್‌ಕ್ಯೂಲೈಟ್ ಎರರ್ 5 ಬಂದರೆ ಮಾತ್ರ ದಾರಿ ಬೇರೆ. ಅದು ಫೈಲು ತೆರೆದಿರುವುದರ ದೂರಲ್ಲ. ಹೆಚ್ಚಿನ ಸಲ, ಯಾರೋ ಬರೆಯುವ ಟ್ರಾನ್ಸಾಕ್ಷನ್ (ಒಟ್ಟಿಗೇ ದಾಖಲಾಗಬೇಕಾದ ಬದಲಾವಣೆಗಳ ಗುಂಪು) ಶುರು ಮಾಡಿ ಮುಗಿಸಿಲ್ಲ ಎಂದರ್ಥ. ಪೂಲ್ ಖಾಲಿ ಮಾಡಿ ಪ್ರಯೋಜನವಿಲ್ಲ. ಈ ಲೈಬ್ರರಿ ಮೊದಲೇ 30 ಸೆಕೆಂಡು ಮತ್ತೆಮತ್ತೆ ಪ್ರಯತ್ನಿಸಿ, ಆಮೇಲಷ್ಟೇ ಸೋಲೊಪ್ಪುತ್ತದೆ. ಆದ್ದರಿಂದ ಟೈಮ್‌ಔಟ್ ಏರಿಸುವುದಕ್ಕಿಂತ ಕಮಿಟ್ ಆಗದೆ, ಅಂದರೆ ಅಂತಿಮವಾಗಿ ದಾಖಲಾಗದೆ, ಉಳಿದ ಟ್ರಾನ್ಸಾಕ್ಷನ್ ಹುಡುಕುವುದು ಒಳ್ಳೆಯದು. ವಾಲ್ ಮೋಡಿನ ಫೈಲನ್ನು ನೆಟ್‌ವರ್ಕ್ ಫೋಲ್ಡರಿನಲ್ಲಿಟ್ಟು ಎರಡು ಕಂಪ್ಯೂಟರಿನಿಂದ ತೆರೆಯುವುದಂತೂ ಬೇಡವೇ ಬೇಡ.

ಲಿನಕ್ಸ್ ಸರ್ವರಿನಲ್ಲಿ ಇಂಥ ಎರರ್ ಬರುವುದೇ ಇಲ್ಲ ಎಂದು ನೆಮ್ಮದಿಯಾಗಿರುವವರಿಗೆ ಒಂದು ಮಾತು. ಅಲ್ಲಿ ತೆರೆದಿರುವ ಫೈಲನ್ನೂ ಅಳಿಸಬಹುದು. ಹೋಗುವುದು ಹೆಸರು ಮಾತ್ರ. ಅದೇ ಹೆಸರಿನಲ್ಲಿ ಬ್ಯಾಕಪ್ ತಂದಿಟ್ಟ ಮೇಲೂ ಪೂಲಿನಲ್ಲಿರುವ ಹಳೆಯ ಕನೆಕ್ಷನ್ ಆ ಅಳಿಸಿದ ಫೈಲಿಗೇ ಬರೆಯುತ್ತಿರಬಹುದು. ಸರ್ವರ್ ಪ್ರೋಸೆಸ್ ನಿಂತಾಗ ಆ ಬರಹವೂ ಅದರ ಜೊತೆಗೇ ಹೋಗುತ್ತದೆ. ‘ಎಲ್‌ಎಸ್‌ಓಎಫ್’ ಪಟ್ಟಿಯಲ್ಲಿ ಡೇಟಾಬೇಸಿನ ಹೆಸರಿನ ಮುಂದೆ ‘ಡಿಲೀಟೆಡ್’ ಎಂದು ಕಂಡರೆ ಅದೇ ನಡೆಯುತ್ತಿದೆ ಎಂದು ತಿಳಿಯಿರಿ. ಹೊಸ ನಮೂದು ಸ್ವೀಕರಿಸುವುದನ್ನು ನಿಲ್ಲಿಸಿ, ಪ್ರೋಸೆಸ್ ಇನ್ನೂ ಜೀವಂತ ಇರುವಾಗಲೇ ಅದೇ ಕನೆಕ್ಷನ್ನಿನಿಂದ ‘ವ್ಯಾಕ್ಯೂಮ್ ಇಂಟು’ ಓಡಿಸಿ ಬೇರೆ ಹೆಸರಿಗೆ ಪ್ರತಿ ತೆಗೆದುಕೊಳ್ಳಿ.

– ಇಬ್ಬರು ತಂತ್ರಾಂಶ ನಿರ್ವಾಹಕರು, ಹುಬ್ಬಳ್ಳಿ