ಹೊಳೆಯಿಂದ ನಾಲ್ಕು ಹೆಜ್ಜೆ ಹಿಂದೆ

ಗಣೇಶಗುಡಿ

ಚಿ. ಸಂತೋಷನಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಇಲ್ಲಿ ಕ್ಷೇಮ. ಮಳೆ ಹಿಡಿದು ಎಂಟು ದಿನವಾಯಿತು, ಇನ್ನೂ ಬಿಟ್ಟಿಲ್ಲ. ಬಟ್ಟೆ ಒಣಗುತ್ತಿಲ್ಲ ಅಂತ ನಿನ್ನ ಕಾಕು ಒಲೆಯ ಮೇಲೆ ಹಗ್ಗ ಕಟ್ಟಿದ್ದಾಳೆ. ಎಲ್ಲ ಬಟ್ಟೆಗೂ ಹೊಗೆ ವಾಸನೆ.

ಮೊನ್ನೆ ಫೋನಿನಲ್ಲಿ ನೀನು ಖುಷಿಯಿಂದ ಹೇಳುತ್ತಿದ್ದೆ. ಕಾಳಿ ಹೊಳೆ ದಂಡೆಯಲ್ಲಿ ಒಂದೂವರೆ ಎಕರೆ ನೋಡಿದ್ದೀಯ. ನಾಲ್ಕು ಕಾಟೇಜ್ ಕಟ್ಟಿ ಹೋಮ್‌ಸ್ಟೇ ಮಾಡುತ್ತೀಯ. ಹಾಸಿಗೆಯಿಂದ ಕಾಲು ಇಳಿಸಿದರೆ ನೀರಿಗೇ ಇಳಿಯಬೇಕು, ಅಷ್ಟು ಹತ್ತಿರ. ನಾನು ಏನೋ ಹೇಳುವಷ್ಟರಲ್ಲಿ ಲೈನ್ ಹೋಯಿತು. ಅದಕ್ಕೇ ಬರೆಯುತ್ತಿದ್ದೇನೆ. ಮಾಡಬೇಡ ಎನ್ನಲು ಅಲ್ಲ ತಮ್ಮಾ. ಮಾಡು. ಆದರೆ ನೀನು ನೋಡಿದ್ದು ಮೂರು ದಿನದ ಹೊಳೆ. ನಾನು ಪವರ್ ಹೌಸ್‌ನಲ್ಲಿ ಶಿಫ್ಟ್ ಮಾಡುತ್ತಾ ಮೂವತ್ತು ವರ್ಷ ನೋಡಿದ್ದೇನೆ. ಆ ಸಲಿಗೆಯಿಂದ ಹೇಳುತ್ತೇನೆ, ಕಾಟೇಜನ್ನು ನೀರಿನಿಂದ ಹಿಂದೆ ಸರಿಸಿ ಕಟ್ಟು.

ಕಾಳಿ ಕಾಡಿನ ಹೊಳೆ ನಿಜ. ಇದೇ ಜೋಯಿಡಾ ತಾಲೂಕಿನ ಡಿಗ್ಗಿ ಹತ್ತಿರ ಹುಟ್ಟಿ 184 ಕಿಲೋಮೀಟರ್ ಹರಿದು ಕಾರವಾರದ ಹತ್ತಿರ ಸಮುದ್ರ ಸೇರುತ್ತದೆ. ಹುಟ್ಟಿದ್ದೂ ಮುಗಿಯುವುದೂ ಒಂದೇ ಜಿಲ್ಲೆಯಲ್ಲಿ. ಆದರೆ ಗಣೇಶಗುಡಿಯಿಂದ ಕೆಳಗೆ ಇದು ತನ್ನ ಮನಸ್ಸಿನಂತೆ ಹರಿಯುವ ಹೊಳೆ ಅಲ್ಲ. ಮೇಲೆ ಸೂಪಾ ಅಣೆಕಟ್ಟು ಇದೆ. 101 ಮೀಟರ್ ಎತ್ತರ, 332 ಮೀಟರ್ ಉದ್ದ, ಹೊಟ್ಟೆಯಲ್ಲಿ ಸುಮಾರು 145 ಟಿಎಂಸಿ ನೀರು ಹಿಡಿಸುತ್ತದೆ. ಅದರ ಬುಡದಲ್ಲೇ ನಮ್ಮ ಪವರ್ ಹೌಸ್. 50 ಮೆಗಾವಾಟಿನ ಎರಡು ಯುನಿಟ್, ಅಂದರೆ ನೀರಿನಿಂದ ತಿರುಗಿ ಕರೆಂಟು ತೆಗೆಯುವ ಯಂತ್ರಗಳು. ಯುನಿಟ್ ಓಡಿದರೆ ನಿನ್ನ ಜಾಗದ ಮುಂದೆ ಹೊಳೆ. ನಿಂತರೆ ಬಂಡೆ.

ಅಲ್ಲಿಂದ ಆ ನೀರು ದಾಂಡೇಲಿ ದಾಟಿ ಬೊಮ್ಮನಹಳ್ಳಿಯಲ್ಲಿ ಮತ್ತೆ ನಿಲ್ಲುತ್ತದೆ. ಸುರಂಗದಲ್ಲಿ ಹೋಗಿ ಘಟ್ಟದ ಎತ್ತರದಿಂದ ನಾಗಝರಿಗೆ ಬೀಳುತ್ತದೆ. ದೊಡ್ಡ ಪವರ್ ಹೌಸ್ ಅದು, ಆರು ಯುನಿಟ್, ಸುಮಾರು 900 ಮೆಗಾವಾಟ್. ಆಮೇಲೆ ಕೊಡಸಳ್ಳಿಯಲ್ಲಿ 120, ಕದ್ರಾದಲ್ಲಿ 150. ಕದ್ರಾ ಹಿನ್ನೀರಿನ ದಡದಲ್ಲೇ ಕೈಗಾ ಅಣುಸ್ಥಾವರ. ಒಂದೇ ನೀರಿನಿಂದ ನಾಲ್ಕು ಸಲ ಕರೆಂಟು ತೆಗೆಯುತ್ತಾರೆ. ನೀನು ಧಾರವಾಡದಲ್ಲಿ ಸಂಜೆ ಸ್ವಿಚ್ ಒತ್ತಿದಾಗ ಇಲ್ಲಿ ಹೊಳೆ ಏರುತ್ತದೆ ಅಂತಲೇ ತಿಳಿದುಕೋ. ಬೆಳಿಗ್ಗೆ ಸಂಜೆ ಎಲ್ಲರ ಮನೆಯಲ್ಲೂ ಒಟ್ಟಿಗೆ ಕರೆಂಟು ಬೇಕು. ನೀರಿನ ಯುನಿಟ್ ಕೆಲವೇ ನಿಮಿಷದಲ್ಲಿ ಶುರುವಾಗುತ್ತದೆ, ಕಲ್ಲಿದ್ದಲಿನದ್ದು ಹಾಗೆ ಆಗುವುದಿಲ್ಲ. ಅದಕ್ಕೇ ಹೆಚ್ಚುಕಮ್ಮಿ ಸರಿದೂಗಿಸುವುದು ನಮ್ಮ ಪಾಲಿಗೆ ಬರುತ್ತದೆ. ಕಂಟ್ರೋಲ್ ರೂಮಿಗೆ ಫೋನ್ ಬರುತ್ತದೆ, ಲೋಡ್ ಎತ್ತಿ, ಅಂದರೆ ಕರೆಂಟು ಹೆಚ್ಚಿಸಿ ಅನ್ನುತ್ತಾರೆ, ಎತ್ತುತ್ತೇವೆ. ಆಗ ಕೆಳಗೆ ಬಂಡೆ ಮೇಲೆ ಯಾರು ಕೂತಿದ್ದಾರೆ ಅಂತ ಫೋನ್ ಮಾಡಿದವರಿಗೆ ಗೊತ್ತಿರುವುದಿಲ್ಲ.

ಮಳೆಗಾಲದಲ್ಲಿ ಎಲ್ಲ ಹೊಳೆ ಉಕ್ಕುವಾಗ ಅಣೆಕಟ್ಟು ನೀರು ಕೂಡಿಟ್ಟುಕೊಳ್ಳುತ್ತದೆ. ಎಲ್ಲ ಹೊಳೆ ಒಣಗುವ ಏಪ್ರಿಲ್‌ನಲ್ಲಿ ಬಿಡುತ್ತದೆ. ಬಿರುಬೇಸಿಗೆಯಲ್ಲೂ ಇಲ್ಲಿ ರಾಫ್ಟಿಂಗ್ ನಡೆಯುವುದು ಅದರಿಂದಲೇ. ನಿನ್ನ ವ್ಯಾಪಾರಕ್ಕೆ ಅದು ಒಳ್ಳೆಯದು. ಆದರೆ ಆ ನೀರು ಅಣೆಕಟ್ಟಿನ ಆಳದಿಂದ ಬರುತ್ತದೆ. ಮೇ ತಿಂಗಳಲ್ಲೂ ಕೈ ಜುಂ ಅನ್ನುವಷ್ಟು ತಣ್ಣಗಿರುತ್ತದೆ. ಬಿಸಿಲಲ್ಲಿ ಬೆವರಿ ಬಂದವನು ಒಮ್ಮೆಲೇ ಹಾರಿದರೆ ಉಸಿರು ಕಟ್ಟುತ್ತದೆ. ಈಜು ಬರುವವರೂ ಹೀಗೆ ಜೀವ ಕಳೆದುಕೊಳ್ಳಬಹುದು.

ನನಗೇ ಆದ ಒಂದು ಸಂಗತಿ ಹೇಳುತ್ತೇನೆ. ನಿನ್ನ ಅಪ್ಪನಿಗೂ ಇದು ಗೊತ್ತಿಲ್ಲ. ಕೆಲಸಕ್ಕೆ ಸೇರಿದ ಹೊಸದು. ರಜೆ ದಿನ ಗೆಳೆಯನ ಜೊತೆ ಗಾಳ ಹಾಕಲು ಹೋದೆ. ಹೊಳೆ ನಡುವಿನ ಬಂಡೆಗೆ ಮೊಣಕಾಲು ನೀರಿನಲ್ಲಿ ದಾಟಿದೆವು. ಚಪ್ಪಲಿಯನ್ನು ದಂಡೆಯ ಒಂದು ಕಲ್ಲಿನ ಮೇಲೆ, ನೀರಿನಿಂದ ಒಂದು ಗೇಣು ಮೇಲೆ ಇಟ್ಟಿದ್ದೆ. ಮಧ್ಯಾಹ್ನ ಮೂರೂವರೆ ಇರಬೇಕು. ಮೊದಲು ಬದಲಾದದ್ದು ಸದ್ದು. ಕಲ್ಲುಗಳ ನಡುವೆ ಚುಳುಚುಳು ಅನ್ನುತ್ತಿದ್ದ ನೀರು ಸುಮ್ಮನಾಯಿತು. ಸುತ್ತ ಎಷ್ಟು ಹಾಯಾಗಿದೆ ಅನಿಸಿತು. ಆಮೇಲೆ ಒಣಗಿದ ಎಲೆ ಸಾಲುಸಾಲಾಗಿ ತೇಲಿ ಬಂದವು, ಹಿಂದೆಯೇ ಬಿಳಿ ನೊರೆ. ಗೆಳೆಯ ದಂಡೆಯತ್ತ ಕೈ ಮಾಡಿ, ಚಪ್ಪಲಿ ಎಲ್ಲಿ ಅಂದ. ಚಪ್ಪಲಿಯೂ ಇರಲಿಲ್ಲ, ಚಪ್ಪಲಿ ಇಟ್ಟ ಕಲ್ಲೂ ಇರಲಿಲ್ಲ. ಮರಳುವಾಗ ನೀರು ಎದೆಗೆ ಬಂದಿತ್ತು, ಕಾಲು ನೆಲಕ್ಕೆ ಊರುತ್ತಿರಲಿಲ್ಲ. ಒಂದು ಬಿದಿರುಮೆಳೆ ಕೈಗೆ ಸಿಕ್ಕಿದ್ದರಿಂದ ಇವತ್ತು ನಿನಗೆ ಪತ್ರ ಬರೆಯುತ್ತಿದ್ದೇನೆ. ಮರುದಿನ ಶಿಫ್ಟಿಗೆ ಹೋಗಿ ಲಾಗ್ ಪುಸ್ತಕ ತೆಗೆದು ನೋಡಿದೆ. ಯುನಿಟ್ ಶುರುವಾದ ಹೊತ್ತು ಬರೆದಿತ್ತು. ಯಾರದ್ದೂ ತಪ್ಪಿಲ್ಲ. ಅವರು ಅವರ ಕೆಲಸ ಮಾಡಿದ್ದರು. ಮಾರನೇ ವಾರ ಅದೇ ಜಾಗಕ್ಕೆ ಹೋಗಿ ಎತ್ತರದ ಬಂಡೆಯೊಂದಕ್ಕೆ ಸುಣ್ಣದಲ್ಲಿ ಗೆರೆ ಎಳೆದು ಬಂದೆ, ನೀರು ಎಲ್ಲಿವರೆಗೆ ಬರುತ್ತದೆ ಅಂತ.

ನಿನ್ನ ಅತಿಥಿಗಳಿಗೆ ಇದೆಲ್ಲ ಗೊತ್ತಿರುವುದಿಲ್ಲ. ಅವರು ರಾತ್ರಿ ಬಸ್ಸಿನಲ್ಲಿ ಬಂದು ಇಳಿಯುತ್ತಾರೆ. ನಿದ್ದೆಗಣ್ಣಿನಲ್ಲೇ ಮಕ್ಕಳನ್ನು ಕರೆದುಕೊಂಡು ನೀರಿಗೆ ಓಡುತ್ತಾರೆ. ಹೇಳುವವನು ನೀನೇ. ನೀರು ಬಿಡುವ ಹೊತ್ತನ್ನು ದಿನಾ ವಿಚಾರಿಸಿಕೋ. ಸೈರನ್ ಕೇಳಿಸುತ್ತದೆ ಅಂತ ನಂಬಿ ಕೂರಬೇಡ. ಗಾಳಿ ಆಚೆ ಬೀಸಿದರೆ ಏನೂ ಕೇಳಿಸುವುದಿಲ್ಲ. ಹೊಳೆಯ ಸದ್ದು ನಿಂತರೆ ಎಲ್ಲರನ್ನೂ ಮೇಲೆ ಕರೆ, ಕಾರಣ ಆಮೇಲೆ ಹೇಳು. ರಾಫ್ಟಿಂಗ್‌ಗೆ ಕಳಿಸುವಾಗ ಜಾಕೆಟ್ಟಿನ ಬಕಲ್ ನೀನೇ ಎಳೆದು ನೋಡು. ಒಂದು ಬೋಟಿಗೆ ಎಷ್ಟು ಜನವೋ ಅಷ್ಟೇ. ಸೀಸನ್ನಿನಲ್ಲಿ ದುಡ್ಡಿನ ಆಸೆಗೆ ಕುರಿ ತುಂಬಿದ ಹಾಗೆ ತುಂಬಿ ಕಳಿಸುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಆ ಸಾಲಿಗೆ ನನ್ನ ಅಣ್ಣನ ಮಗ ಸೇರಬಾರದು.

ಮೊಸಳೆ ವಿಷಯವೂ ಹೇಳಿಬಿಡುತ್ತೇನೆ. ದಾಂಡೇಲಿ ಕಡೆ ಹೊಳೆಯಲ್ಲಿ ಮೊಸಳೆಗಳಿವೆ, ಜನರನ್ನು ಎಳೆದದ್ದೂ ಇದೆ. ಕೋಳಿ ತ್ಯಾಜ್ಯ, ಉಳಿದ ಊಟ ಹೊಳೆಗೆ ಸುರಿದರೆ ಅವು ಅದೇ ಜಾಗಕ್ಕೆ ಬರಲು ಕಲಿಯುತ್ತವೆ. ನಿನ್ನ ಅಡುಗೆಮನೆಯಿಂದ ಒಂದು ಎಲುಬೂ ನೀರಿಗೆ ಹೋಗಬಾರದು. ಗುಂಡಿ ತೋಡಿಸು, ಸಂಡಾಸದ ಗುಂಡಿಯನ್ನೂ ಹೊಳೆಯಿಂದ ದೂರ ಮಾಡಿಸು. ಮನೆ ಹಿಂದೆ ಸರಿಸು ಅನ್ನುವುದಕ್ಕೆ ಇದೂ ಒಂದು ಕಾರಣ. ದಂಡೆಯ ಗಿಡ ಬೇರು ಹಾಗೇ ಇದ್ದರೆ ಮಣ್ಣು ಕುಸಿಯುವುದಿಲ್ಲ, ನೀರುನಾಯಿಗಳಿಗೂ ಮರಿ ಇಡಲು ಜಾಗ ಇರುತ್ತದೆ. ಬೆಳಗಿನ ಜಾವ ಅವು ಮರಿಗಳ ಜೊತೆ ಈಜಿಕೊಂಡು ಬಂದು ಬಂಡೆಯ ಮೇಲೆ ಮೀನು ಕಡಿಯುತ್ತಾ ಕೂರುವುದನ್ನು ಒಮ್ಮೆ ತೋರಿಸು. ಯಾವ ಅತಿಥಿಯೂ ಟಿವಿ ಕೇಳುವುದಿಲ್ಲ.

ಇನ್ನು ಆ ಮರದ ಮಾತು. ಅಂಗಳದ ನಡುವೆ ಒಂದು ಪೊಳ್ಳು ಮರ ಇದೆ, ಕಡಿಸಿ ಪಾರ್ಕಿಂಗ್ ಮಾಡುತ್ತೇನೆ ಅಂದೆಯಲ್ಲ. ಅದನ್ನು ಮುಟ್ಟಬೇಡ. ಮಂಗಟ್ಟೆ, ಅಂದರೆ ಹಾರ್ನ್‌ಬಿಲ್ ಹಕ್ಕಿಗೆ ಅಂಥ ಮರವೇ ಬೇಕು. ಭಾರತದಲ್ಲಿ ಎಲ್ಲೆಲ್ಲಿಂದಲೋ ಜನ ಕ್ಯಾಮೆರಾ ಹೊತ್ತು ದಾಂಡೇಲಿಗೆ ಬರುವುದು ಅದಕ್ಕಾಗಿ. ನಾಲ್ಕು ಜಾತಿಯ ಮಂಗಟ್ಟೆ ಇಲ್ಲಿವೆ. 2011ರಲ್ಲಿ ಅವುಗಳಿಗೆಂದೇ ಇಲ್ಲಿ ಸಂರಕ್ಷಿತ ಪ್ರದೇಶ ಮಾಡಿದರು. ಹೆಣ್ಣು ಪೊಟರೆಯ ಒಳಗೆ ಹೋಗಿ, ಹಿಕ್ಕೆ ಮತ್ತು ಹಣ್ಣಿನ ಗಸಿಯಿಂದ ಪೊಟರೆಯ ಬಾಯಿ ಮುಚ್ಚಿಕೊಂಡು, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಡುತ್ತದೆ. ಎರಡು ಮೂರು ತಿಂಗಳು ಒಳಗೇ. ಗಂಡು ಹೊರಗಿನಿಂದ ತಂದು ಕೊಡಬೇಕು. ಒಮ್ಮೆ ನಾನು, ನಿನ್ನ ಕಾಕು ಒಂದು ಗೂಡಿನಿಂದ ದೂರದಲ್ಲಿ ಕೂತು ನೋಡಿದೆವು. ಗಂಡು ಬರುವಾಗ ರೆಕ್ಕೆಯ ಸದ್ದು ಹಳೇ ಉಗಿಬಂಡಿ ಬಂದ ಹಾಗೆ ಕೇಳಿಸಿತು. ಕುತ್ತಿಗೆ ಕುಲುಕಿ, ಗಂಟಲೊಳಗಿಂದ ಒಂದೊಂದೇ ಅತ್ತಿಹಣ್ಣು ಕೊಕ್ಕಿನ ತುದಿಗೆ ತಂದು ಸೀಳಿನಲ್ಲಿ ಇಡುತ್ತಿತ್ತು. ಕಾಕು ಎಣಿಸಿದಳು, ಇಪ್ಪತ್ತಮೂರು. ಬಂದ ದಾರಿಯಲ್ಲಿ ಆ ಗಂಡಿಗೆ ಏನಾದರೂ ಆದರೆ ಒಳಗಿನವು ಉಪವಾಸ ಸಾಯಬಹುದು. ವರ್ಷ ವರ್ಷ ಅದೇ ಪೊಟರೆಗೆ ಬರುತ್ತವೆ. ಹೊಸದಾಗಿ ನೆಟ್ಟ ಗಿಡದಲ್ಲಿ ಪೊಟರೆ ಬರಲು ನಿನ್ನ ಮೊಮ್ಮಕ್ಕಳು ಮುದುಕರಾಗಬೇಕು. ಜನವರಿಯಿಂದ ಮೇ ತನಕ ಆ ಕಡೆ ಲೈಟ್ ಹಾಕಬೇಡ. ಡಿಜೆ ಅಂತೂ ಯಾವ ತಿಂಗಳೂ ಬೇಡ. ಪಕ್ಕದಲ್ಲೇ ಸುಮಾರು 1,300 ಚದರ ಕಿಲೋಮೀಟರ್ ಹುಲಿ ಕಾಡು ಇದೆ. 2007ರಲ್ಲಿ ಅಣಶಿ-ದಾಂಡೇಲಿ ಅಂತ ಘೋಷಿಸಿದ್ದು, 2015ರಲ್ಲಿ ಹೊಳೆಯ ಹೆಸರನ್ನೇ ಇಟ್ಟು ಕಾಳಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದರು. ಕಾಗದಪತ್ರದ ವಿಷಯದಲ್ಲಿ ಪಂಚಾಯಿತಿ, ಅರಣ್ಯ ಇಲಾಖೆ ಎರಡೂ ಕಡೆ ಕೇಳದೆ ಒಂದು ಕಲ್ಲೂ ಇಡಬೇಡ. ಇಷ್ಟೇ ಸಾಕು, ಉಳಿದದ್ದು ವಕೀಲರು ಹೇಳುತ್ತಾರೆ.

ಈಗ ಒಂದು ಮಾತು ನಿನ್ನ ಕಾಕುವಿನದು. ನೀನು ಹಿನ್ನೀರಿನ ಫೋಟೋ ಕಳಿಸಿ, ಎಂಥ ಚಂದದ ಕೆರೆ ಅಂತ ಬರೆದಿದ್ದೆ. ಅವಳು ಫೋನನ್ನು ಸುಮಾರು ಹೊತ್ತು ನೋಡಿ ಏನೂ ಹೇಳದೆ ಕೊಟ್ಟಳು. ಆ ನೀರಿನ ಕೆಳಗೆ ಅವಳ ತವರು ಇದೆ, ಸಂತೋಷ. ಕಾಳಿ ಮತ್ತು ಪಾಂಡ್ರಿ ಹೊಳೆ ಕೂಡುವಲ್ಲಿ ಸೂಪಾ ಅಂತ ಊರಿತ್ತು. ತಾಲೂಕಿನ ಊರು, ಪೇಟೆ, ದೇವಸ್ಥಾನ, ಕಚೇರಿ ಎಲ್ಲ ಇತ್ತು. ಅಣೆಕಟ್ಟು 1987ರ ಹೊತ್ತಿಗೆ ಮುಗಿಯಿತು, ಊರು ಮುಳುಗಿತು. ಕಚೇರಿಗಳು ಜೋಯಿಡಾಕ್ಕೆ ಹೋದವು. ತುಂಬಾ ಜನ ರಾಮನಗರಕ್ಕೆ ಹೋದರು. ಅವಳ ಅಪ್ಪ ಸಾಮಾನು ಲಾರಿಗೆ ಹೇರಿಸಿ, ಹಿತ್ತಲಿನ ಹಲಸಿನ ಮರಗಳನ್ನು ಒಂದೊಂದಾಗಿ ಮುಟ್ಟಿ ಬಂದರಂತೆ. ಪರಿಹಾರದ ಪಟ್ಟಿಯಲ್ಲಿ ಬರೆದ ಮರಗಳ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ಕೊನೆವರೆಗೂ ತಾಳೆ ಆಗಲಿಲ್ಲ. ಒಂದು ವರ್ಷ ನೀರು ತೀರಾ ಇಳಿದಾಗ ನಾವಿಬ್ಬರೂ ಹೋಗಿದ್ದೆವು. ಎಲ್ಲ ಕಡೆ ಬಿರುಕು ಬಿಟ್ಟ ಕೆಸರು. ಅವಳು ಒಂದು ಕಡೆ ನಿಂತು, ಕಾಲಿನಿಂದ ಮಣ್ಣು ಸರಿಸಿ, ಇದು ನಮ್ಮ ಹೊಸ್ತಿಲು ಅಂದಳು. ನನಗೆ ಬರೀ ಕಲ್ಲು ಕಂಡಿತು. ಅವಳು ಅದನ್ನು ದಾಟಿ ಆಚೆ ಕೂತಳು, ಬೇಗ ಏಳಲಿಲ್ಲ.

ನಾನು ಆ ಅಣೆಕಟ್ಟಿನ ಸಂಬಳ ತಿಂದವನು. ಅದರ ಮೇಲೆ ನನಗೆ ಸಿಟ್ಟಿಲ್ಲ. ಎಷ್ಟೋ ಊರಿಗೆ ಬೆಳಕು ಕೊಟ್ಟಿದೆ ಅನ್ನುವ ಹೆಮ್ಮೆ ಇದೆ. ಆದರೆ ಅವಳ ಎದುರು ಆ ಹೆಮ್ಮೆಯ ಮಾತು ನಾನು ಯಾವತ್ತೂ ಆಡಿಲ್ಲ. ನೀನು ಅತಿಥಿಗಳನ್ನು ಹಿನ್ನೀರಿಗೆ ಕರೆದೊಯ್ಯುವಾಗ ಕೆರೆ ಅನ್ನಬೇಡ. ಇಲ್ಲಿ ಸೂಪಾ ಇತ್ತು ಅಂತ ಹೇಳು. ಕೆಲಸಕ್ಕೆ ಜನ ಹುಡುಕುವಾಗ ಮುಳುಗಿದ ಊರುಗಳಿಂದ ಎದ್ದುಬಂದವರ ಮಕ್ಕಳು ಯಾರಾದರೂ ಇದ್ದಾರಾ ಅಂತ ಮೊದಲು ಕೇಳು. ಅಡುಗೆಗೆ ಹೊರಗಿನಿಂದ ಭಟ್ಟರನ್ನು ಕರೆಸಬೇಡ. ಇಲ್ಲಿನ ಕುಣಬಿ ಹೆಣ್ಣುಮಕ್ಕಳು ಬೇಯಿಸುವ ಮುಡ್ಲಿ, ದುಕ್ಕರಕೋನ, ನಾಗರಕೋನ ಗಡ್ಡೆಗಳನ್ನು ತಿಂದವರು ಮತ್ತೆ ಹುಡುಕಿಕೊಂಡು ಬರುತ್ತಾರೆ. ಜೋಯಿಡಾದ ಗಡ್ಡೆ ಮೇಳಕ್ಕೆ ಒಮ್ಮೆ ಬಾ, ಬಗೆಬಗೆಯ ಗಡ್ಡೆ ರಾಶಿ ಹಾಕಿರುತ್ತಾರೆ. ಹಾಲು ಮೊಸರಿಗೆ ಗೌಳಿಗಳ ಮನೆ ಇದೆ. ಸಿಟಿ ಪ್ಯಾಕೆಟ್ ಯಾಕೆ?

ಜಾಗಕ್ಕೆ ಮುಂಗಡ ಕೊಡುವ ಮೊದಲು ಎರಡು ದಿನ ಬಿಡುವು ಮಾಡಿಕೊಂಡು ಬಾ. ಮಳೆ ಸ್ವಲ್ಪ ಬಿಡಲಿ, ನೀನು ನೋಡಿದ ಜಾಗಕ್ಕೆ ನಾವಿಬ್ಬರೂ ಹೋಗೋಣ. ಬೆಳಿಗ್ಗೆ ಆರಕ್ಕೆ ಒಂದು ಗೂಟ ಹೊಡೆಯೋಣ, ಸಂಜೆ ಆರಕ್ಕೆ ಇನ್ನೊಂದು. ಯುನಿಟ್ ಎರಡೂ ಓಡುವಾಗ ನೀರು ಎಲ್ಲಿ ಮುಟ್ಟುತ್ತದೆ ಅಂತ ನಿನ್ನ ಕಣ್ಣಿನಿಂದಲೇ ನೋಡು. ಅದು ಬರೀ ಪವರ್ ಹೌಸಿನ ನೀರು. ಅಣೆಕಟ್ಟು ತುಂಬಿ ಗೇಟು ಎತ್ತುವ ವರ್ಷ ಅಪರೂಪಕ್ಕೆ ಬರುತ್ತದೆ. 2019ರ ಆಗಸ್ಟಿನಲ್ಲಿ ಕೆಳಗೆ ಕದ್ರಾ ಕಡೆ ಮನೆಗಳಿಗೆ ನೀರು ನುಗ್ಗಿದ್ದು ನೀನೂ ಟಿವಿಯಲ್ಲಿ ನೋಡಿದ್ದೀಯ. ಹಾಗಾಗಿ ಮೇಲಿನ ಗೂಟಕ್ಕಿಂತ ಎಷ್ಟು ಹಿಂದೆ ಅನ್ನುವುದನ್ನು ಅಲ್ಲೇ ನಿಂತು ತೀರ್ಮಾನ ಮಾಡೋಣ. ಕಾಟೇಜಿನಿಂದ ನೀರು ಕಾಣಿಸುವುದಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ರಾತ್ರಿ ಸದ್ದು ಕೇಳಿಸುತ್ತದೆ.

ನಿನ್ನ ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು, ವೈನಿಗೂ. ಸಾಲ ಎಷ್ಟು ಮಾಡುತ್ತೀಯ ಅನ್ನುವುದನ್ನು ನನ್ನಿಂದ ಮುಚ್ಚಿಡಬೇಡ. ಬರುವಾಗ ಗಂಬೂಟು ತಾ, ಈಗ ಉಂಬಳ ಜಾಸ್ತಿ. ಸುಣ್ಣದ ಡಬ್ಬಿ ನನ್ನ ಹತ್ತಿರವೇ ಇದೆ.

ನಿನ್ನ ಕಾಕಾ