ಗೆಳೆಯನಿಗೊಂದು ಪತ್ರ: ಅಟ್ಟದ ಶಾಸನ

ಪ್ರಿಯ ಗೆಳೆಯ,

ನಿವೃತ್ತಿಯ ದಿನ ಹೊದೆಸಿದ ಶಾಲು ಈಗ ಬೆಕ್ಕಿನ ಹಾಸಿಗೆ. ಮೂರನೇ ಇಡ್ಲಿಯ ವಿಷಯ ಇಲ್ಲಿ ಎತ್ತುವುದಿಲ್ಲ, ಓದುವವರು ಬಹಳ ಜನ ಇದ್ದಾರೆ.

ಅಂದು ಭಾಷಣದಲ್ಲಿ ಯಾರೋ ನನ್ನನ್ನು ‘ಪರಂಪರೆಯ ಕಾವಲುಗಾರ’ ಎಂದರು. ಆ ಕಾವಲು ಹೇಗಿತ್ತೆಂದು ನಿನಗೆ ಗೊತ್ತು. ಮೊದಲು ಮೈಸೂರಿನಲ್ಲಿ ಶಾಸನದ ಪಡಿಯಚ್ಚು: ಕಲ್ಲು ತೊಳೆ, ಒದ್ದೆ ಕಾಗದ ಹಾಸು, ಅಕ್ಷರದ ಗುಳಿಗೆ ಇಳಿಯುವವರೆಗೆ ಬ್ರಷ್ಷಿನಿಂದ ಬಡಿ, ಆಮೇಲೆ ಮಸಿ. ಸಂಜೆಯ ಅನ್ನಕ್ಕೂ ಮಸಿ. ಬಳಿಕ ಭೀಮಾ ತೀರದ ಕನಗನಹಳ್ಳಿ; ಬ್ರಾಹ್ಮಿಯಲ್ಲಿ ಅಶೋಕನ ಹೆಸರು ಕೊರೆದ ಶಿಲ್ಪದ ಮುಂದೆ ನೀನು ಸೋಡಾ ಕುಡಿದದ್ದು ಮರೆತಿಲ್ಲ. ಕೊನೆಗೆ ಬೇಕಲ. ಶಿವಪ್ಪ ನಾಯಕ ಕಟ್ಟಿಸಿದ 40 ಎಕರೆಯ ಕೋಟೆ, ಮಳೆಗಾಲ ಮುಗಿದರೆ ಮುರಕಲ್ಲಿನ ಸಂದಿನ ಹುಲ್ಲು ಕೀಳಿಸುವ ಕೆಲಸ. ಸ್ಮಾರಕದಿಂದ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ 200 ಮೀಟರಿಗೆ ಅನುಮತಿ ಬೇಕು ಎಂದು ಊರವರಿಗೆ ಹೇಳಿ ಕನ್ನಡ, ಮಲಯಾಳ ಎರಡರಲ್ಲೂ ಬೈಸಿಕೊಂಡೆ.

ಕುಂಬಳೆಯ ನಮ್ಮ ಮನೆ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕೆ ಹೋಯಿತಲ್ಲ, ಹೆಂಚು ಇಳಿಸುವ ದಿನ ನಾನು ಅಲ್ಲಿದ್ದೆ. ಚೀಲದಲ್ಲಿ ಕ್ಯಾಮೆರಾ ಇತ್ತು, ಅಳತೆಪಟ್ಟಿಯೂ ಇತ್ತು. ಒಂದು ಫೋಟೊ ತೆಗೆಯಲಿಲ್ಲ. ಮೊನ್ನೆ ಮಗಳು ಅಜ್ಜನ ಮನೆಯ ಚಿತ್ರ ಕೇಳಿದಾಗ ‘ಬೇಸರದಲ್ಲಿ ಮರೆತೆ’ ಎಂದೆ.

ಸುಳ್ಳು. ಅಟ್ಟದ ಗೋಡೆಯಲ್ಲಿ ಅಪ್ಪ ಇದ್ದಿಲಿನಿಂದ ಲೆಕ್ಕ ಬರೆಯುತ್ತಿದ್ದರು: ಅಡಿಕೆ, ಕೂಲಿ, ಸೊಸೈಟಿ ಸಾಲ. ಕೆಳಗೆ ನನ್ನ ಹೆಸರು, ನನ್ನ ಓದಿಗೆಂದು ಮಾಡಿದ ಸಾಲ, ಅದರ ಕಂತುಗಳು. ಅಪ್ಪ ಹೋದ ಮೇಲಿನ ಕಂತುಗಳದ್ದೆಲ್ಲ ಅಣ್ಣನ ಅಕ್ಷರ. ಪರಿಹಾರದ ಹಣ ಬಂದಾಗ ‘ಸಮಪಾಲು’ ಎಂದು ಗಟ್ಟಿಯಾಗಿ ಹೇಳಿದವನು ನಾನು. ಅಣ್ಣ ಗೋಡೆಯ ಮಾತೆತ್ತಲಿಲ್ಲ. ಗೋಡೆ ಬಿದ್ದಾಗ ನನಗೆ ಹಗುರವಾಯಿತು, ಮಾರಾಯ. ಸವೆದ ಒಂದಕ್ಷರಕ್ಕಾಗಿ ಮಧ್ಯಾಹ್ನವಿಡೀ ಮಂಡಿಯೂರುತ್ತಿದ್ದವನು, ಕನ್ನಡಕವಿಲ್ಲದೆಯೂ ಓದಬಹುದಾದ ಶಾಸನವೊಂದು ಬೇಗ ಮಣ್ಣಾಗಲಿ ಎಂದು ಕಾದು ನಿಂತಿದ್ದೆ.

ಇಷ್ಟು ಬರೆಯಬೇಕೆಂದಿರಲಿಲ್ಲ. ಅಣ್ಣ ಮೊಬೈಲಿನಲ್ಲಿ ಯಕ್ಷಗಾನ ಬಿಟ್ಟು ಬೇರೇನೂ ನೋಡುವುದಿಲ್ಲ ಎಂಬ ಧೈರ್ಯ. ಅವನ ಮೊಮ್ಮಗ ಓದಿ ಹೇಳಿಯಾನು ಎಂದರೆ, ಆ ಹುಡುಗನದು ಮಲಯಾಳ ಮಾಧ್ಯಮ. ಗಡಿನಾಡಿನ ಕನ್ನಡ ಉಳಿಯಬೇಕೆಂದು ವರ್ಷಕ್ಕೆ ನಾಲ್ಕು ಭಾಷಣ ಮಾಡುವ ನಾನು ಈ ಒಂದು ವಿಷಯದಲ್ಲಿ ನೆಮ್ಮದಿಯಿಂದಿದ್ದೇನೆ.

ಬರುವಾಗ ಕೊಡೆ ತಾ. ನನ್ನದನ್ನು ಕೊಡಲಾರೆ, ಕಾರಣ ನಿನಗೆ ಗೊತ್ತು.

ನಿನ್ನ,
ಮಸಿಕೈಯವನು